ಎಡ ಎಂದವರು ಯಾರು

ನೀಲಿ ದೋಣಿ ಇನ್ನೂ ಗುರಿಗೆರೆ ದಾಟಿರಲಿಲ್ಲ, ಆಗಲೇ ಅದರ ಹಿಂಬದಿಯ ತಂತಿಯಲ್ಲಿ ದೂರು ಇದೆ ಎಂದು ಸಾರುವ ಕೆಂಪು ಬಾವುಟ ಹಾರಾಡುತ್ತಿತ್ತು. ಅರ್ಧ ದೋಣಿಯಷ್ಟು ಮುಂದಿದ್ದ ಹಳದಿ ದೋಣಿ ಗೆದ್ದಾಗಿತ್ತು. ಅದರ ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಹಿನ್ನೀರಿಗೆ ತಳ್ಳುವ ಸಂಭ್ರಮದಲ್ಲಿದ್ದರು. ಅಂಪೈರ್ ದೋಣಿಯಲ್ಲಿ ನನ್ನ ಪಕ್ಕ ಕುಳಿತಿದ್ದವರು ನೌಕಾಪಡೆಯಿಂದ ನಿವೃತ್ತರಾದ ಹಿರಿಯ ಅಂಪೈರ್. ಅವರು ಬಾವುಟವನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದರು. ನನಗೂ ಏನೂ ಹೊಳೆಯಲಿಲ್ಲ. ಆ ಬಾವುಟ ಏರಿದ್ದು ನನ್ನ ದೆಸೆಯಿಂದಲೇ ಎಂದು ತಿಳಿಯಲು ದಡ ಸೇರಬೇಕಾಯಿತು.

ಮ್ಯಾಚ್ ರೇಸಿಂಗ್ ಎಂದರೆ ಎರಡೇ ಎರಡು ಹಾಯಿದೋಣಿಗಳ ಕಾದಾಟ. ಒಂದರ ಹಿಂದೆ ನೀಲಿ ಬಾವುಟ, ಇನ್ನೊಂದರ ಹಿಂದೆ ಹಳದಿ. ಮೋಟಾರ್ ದೋಣಿಯಲ್ಲಿ ಇಬ್ಬರು ಅಂಪೈರ್‌ಗಳು ಇವುಗಳ ಬಾಲ ಹಿಡಿದು ಓಡುತ್ತಾರೆ. ಒಬ್ಬ ಅಂಪೈರ್ ನೀಲಿ ದೋಣಿ ತಾನೇ ಎಂಬಂತೆ, ಇನ್ನೊಬ್ಬ ಹಳದಿ ದೋಣಿ ತಾನೇ ಎಂಬಂತೆ ಪಂದ್ಯ ಮುಗಿಯುವ ತನಕ ಗಟ್ಟಿಯಾಗಿ ಮಾತಾಡುತ್ತಿರಬೇಕು. ‘ನಾನು ಹಳದಿ, ದಾರಿಯ ಹಕ್ಕು ನನ್ನದು, ನೀನು ದೂರ ಸರಿಯಬೇಕು’ ಎಂದು ಒಬ್ಬ ಹೇಳಿದರೆ ‘ನಾನು ನೀಲಿ, ಸರಿಯುತ್ತಿದ್ದೇನೆ’ ಎಂದು ಇನ್ನೊಬ್ಬ. ಇಬ್ಬರ ಮಾತೂ ಹೊಂದಿದರೆ ಎಲ್ಲ ಸರಿ ಇದೆ ಎಂದರ್ಥ. ಹೊಂದದಿದ್ದರೆ ಸೀಟಿ ಊದಿ, ತಪ್ಪು ಮಾಡಿದ ದೋಣಿಯ ಬಣ್ಣದ ಬಾವುಟ ಎತ್ತಬೇಕು. ಆ ದೋಣಿ ದಂಡವಾಗಿ ಒಂದು ಸುತ್ತು ಹಾಕಬೇಕು. ಎಲ್ಲವೂ ಉಸಿರು ಬಿಡುವಷ್ಟರಲ್ಲಿ ತೀರ್ಮಾನ. ದಡದಿಂದ ನೋಡುವವರಿಗೆ ಮಾತ್ರ ಮಧ್ಯವಯಸ್ಸಿನ ಇಬ್ಬರು ಗಂಡಸರು ಟೋಪಿ ಹಾಕಿಕೊಂಡು, ತಾವೇ ದೋಣಿಗಳೆಂದು ಭ್ರಮಿಸಿ ಜಗಳವಾಡುತ್ತಿರುವಂತೆ ಕಾಣುತ್ತದೆ. ಎರ್ನಾಕುಳಂನ ಬ್ಯಾಂಕೊಂದರಲ್ಲಿ ವಾರವಿಡೀ ಸಾಲದ ಅರ್ಜಿ ನೋಡುವ ಕುಂದಾಪುರದವನಾದ ನನಗೆ ಭಾನುವಾರ ಈ ಹುಚ್ಚು ಬೇಕಾಗಿತ್ತು.

ಅಂದಿನ ಫೈನಲ್ ಬೋಳ್ಗಾಟ್ಟಿಯ ಆಚೆಯ ಹಿನ್ನೀರಿನಲ್ಲಿ. ಗೆದ್ದವರಿಗೆ ರಾಷ್ಟ್ರೀಯ ಕೂಟಕ್ಕೆ ಹೋಗುವ ಅವಕಾಶ. ಹಳದಿ ದೋಣಿ ಕಳಮಶ್ಶೇರಿಯ ವಿದ್ಯಾರ್ಥಿಗಳದು. ಚುಕ್ಕಾಣಿ ಹಿಡಿದವಳು ಮೈಸೂರಿನ ಹುಡುಗಿ, ಎನ್‌ಸಿಸಿಯಲ್ಲಿದ್ದಾಗ ಊರ ಕೆರೆಯಲ್ಲಿ ಹಾಯಿ ಕಲಿತವಳು, ಎಂಜಿನಿಯರಿಂಗ್ ಓದಲು ಬಂದು ಇನ್ನೂ ಮಲಯಾಳ ನಾಲಿಗೆಗೆ ಹತ್ತದವಳು. ನೀಲಿ ದೋಣಿ ತಿರುವನಂತಪುರದ ಕ್ಲಬ್ಬಿನದು. ಅದರ ಚುಕ್ಕಾಣಿ ಹಿಡಿದವರು ವೃತ್ತಿಯಲ್ಲಿ ವಕೀಲರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದುದರಲ್ಲಿ ಅರ್ಧ ಭಾಗ ಅವರ ವೃತ್ತಿಯಿಂದಲೇ ನಡೆಯಿತು.

ಒಂದೊಂದು ಪಂದ್ಯ ಗೆದ್ದು ಎರಡೂ ತಂಡ ಸಮ ಆಗಿದ್ದವು. ನಿರ್ಣಾಯಕ ಪಂದ್ಯದ ಕೊನೆಯ ಓಟ, ಗಾಳಿ ಬೆನ್ನಿಗೆ. ನೀಲಿ ಸ್ವಲ್ಪ ಮುಂದೆ, ಬಲಕ್ಕೆ. ಹಳದಿ ಅದರ ಹಿಂದೆ. ನಾನು ಹಳದಿಯಾಗಿ ‘ಹಿಂದಿದ್ದೇನೆ, ದೂರ ಇರುತ್ತೇನೆ’ ಎಂದು ಒಪ್ಪಿಸುತ್ತಿದ್ದೆ. ಆಗ ಮುಂದೆ ಒಂದು ಚಿಕ್ಕ ವಂಚಿ, ಅಂದರೆ ಇಲ್ಲಿನ ಮೀನುಗಾರರ ಕಿರುದೋಣಿ, ನಮ್ಮ ಹಾದಿಗೇ ತೇಲುತ್ತ ಬಂತು. ಅದರಲ್ಲಿ ಗಾಳ ಹಿಡಿದು ನಮಗೆ ಬೆನ್ನು ಮಾಡಿ ಕುಳಿತ ಒಬ್ಬ ಮನುಷ್ಯ. ನಮ್ಮ ಮೋಟಾರ್ ದೋಣಿಯ ಚಾಲಕ, ಮುಳವುಕಾಡಿನವನು, ಎದ್ದು ನಿಂತು ಮೂರು ಸಲ ಕೂಗಿದ: “ಎಡಾ! ಎಡಾ! ಎಡಾ!”

ಮಲಯಾಳದಲ್ಲಿ ಅದು ‘ಏಯ್, ಲೋ’ ಎಂಬುದಕ್ಕಿಂತ ಹೆಚ್ಚಿನದಲ್ಲ. ಸ್ನೇಹಿತರಿಗೆ, ಕಿರಿಯರಿಗೆ, ಸಿಟ್ಟು ಬಂದಾಗ ಯಾರಿಗೂ ಹೇಳಬಹುದು. ನಾನು ಅದಕ್ಕೆ ಕಿವಿಯನ್ನೂ ಕೊಡಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಹಳದಿ ದೋಣಿ ತಟ್ಟನೆ ಹಾಯಿ ಹೊರಳಿಸಿ ಎಡಕ್ಕೆ ತಿರುಗಿತು. ಬಲಗಡೆಯಿಂದ ಪ್ರವಾಸಿಗರ ಎರಡಂತಸ್ತಿನ ದೋಣಿಯೊಂದು ಚೆಂಡೆಮೇಳದ ಧ್ವನಿಮುದ್ರಿಕೆ ಹಾಕಿಕೊಂಡು ಬಂದು ನೀಲಿಯ ಬೆನ್ನ ಗಾಳಿಯನ್ನು ಪೂರ್ತಿ ಮುಚ್ಚಿತು. ನೀಲಿಯ ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಎಡಕ್ಕೆ ಹೋದ ಹಳದಿಗೆ ಒಳ್ಳೆಯ ಗಾಳಿ ಸಿಕ್ಕಿ, ಅದು ನೀಲಿಯನ್ನು ದಾಟಿ ಗೆದ್ದಿತು.

ದಡದಲ್ಲಿ ವಕೀಲರು ಮೈಯಿಂದ ನೀರು ಇಳಿಯುತ್ತಿರುವಂತೆಯೇ ತಮ್ಮ ವಾದ ಮಂಡಿಸಿದರು. ಓಟದಲ್ಲಿರುವ ದೋಣಿ ಹೊರಗಿನವರ ಸಹಾಯ ಪಡೆಯಬಾರದು ಎಂಬ ನಿಯಮವಿದೆ. ಅಂಪೈರ್ ದೋಣಿಯಿಂದ ಯಾರೋ ಕನ್ನಡದಲ್ಲಿ ‘ಎಡ, ಎಡ’ ಎಂದು ಕೂಗಿದ್ದಾರೆ, ಕನ್ನಡದ ಹುಡುಗಿ ಎಡಕ್ಕೆ ತಿರುಗಿದ್ದಾಳೆ, ಅಂಪೈರ್ ದೋಣಿಯಲ್ಲಿ ಕನ್ನಡಿಗ ಒಬ್ಬನೇ. ಸಾಕ್ಷಿ ಅವರದೇ ತಂಡದ ಒಬ್ಬ ಹುಡುಗ, ಕೆಲಸದ ಮೇಲೆ ಬೆಂಗಳೂರಿನಲ್ಲಿ ಕೆಲವು ಕಾಲ ಇದ್ದವನು. ಅವನಿಗೆ ಎಡ, ಬಲ, ಚಿಲ್ಲರೆ ಇಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ ಎಂಬಷ್ಟು ಕನ್ನಡ ಬರುತ್ತಿತ್ತು. ಹುಟ್ಟಿದಾರಭ್ಯ ದಿನಕ್ಕೆ ನೂರು ಸಲ ಕೇಳಿದ ತನ್ನ ಭಾಷೆಯ ‘ಎಡಾ’ವನ್ನು ಬಿಟ್ಟು, ಆಟೋದಲ್ಲಿ ಕಲಿತ ಕನ್ನಡವೇ ಆ ಹುಡುಗನಿಗೆ ಆ ಹೊತ್ತಿನಲ್ಲಿ ಏಕೆ ನೆನಪಾಯಿತೋ ದೇವರೇ ಬಲ್ಲ.

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಕೂಗಿದ್ದು ಚಾಲಕ, ಅದೂ ವಂಚಿಯವನಿಗೆ, ಕರೆದು ಕೇಳಿದರೆ ಆಯಿತು ಎಂದೆ. ಚಾಲಕನನ್ನು ಕರೆದರು. ಅವನು ಎಂಜಿನ್ ಒರೆಸುತ್ತಿದ್ದ ಬಟ್ಟೆಯನ್ನು ಹಿಂಡುತ್ತ, ತಾನು ಬಾಯಿ ತೆರೆದೇ ಇಲ್ಲ ಎಂದ. ಹಾಗಾದರೆ ಯಾರು ಕೂಗಿದ್ದು ಎಂದು ಕೇಳಿದಾಗ ನೀರಿನ ಕಡೆ ನೋಡಿದ. ನನ್ನ ಜೊತೆಯ ಹಿರಿಯ ಅಂಪೈರನ್ನೂ ಕೇಳಿದರು. ಹಡಗಿನ ಎಂಜಿನ್ ಕೋಣೆಯಲ್ಲಿ ಅವರ ಬಲಗಿವಿ ಎಂದೋ ಹೋಗಿತ್ತು. ಅವರ ಬಲಕ್ಕೆ ನಾನು ಮತ್ತು ಚಾಲಕ ಇದ್ದೆವು. ತಮಗೆ ಕೇಳಿಸಿದ್ದು ಚೆಂಡೆಮೇಳ ಮಾತ್ರ ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು.

ನನ್ನ ಮೇಲೇ ಆರೋಪವಾದ್ದರಿಂದ ನಾನು ತೀರ್ಪು ಕೊಡುವಂತಿರಲಿಲ್ಲ. ಜೊತೆಯಲ್ಲಿದ್ದ ಹಿರಿಯ ಅಂಪೈರೂ ಸಾಕ್ಷಿಯಾದರು. ಹೊಸ ಮೂವರ ಜ್ಯೂರಿ ಮುಂದಿನ ಭಾನುವಾರ ತಿರುವನಂತಪುರದಲ್ಲಿ ವಿಚಾರಣೆ ನಡೆಸುವುದೆಂದು ತೀರ್ಮಾನವಾಯಿತು. ಆರೋಪ ನಿಜವೆಂದಾದರೆ ಹಳದಿಯ ಗೆಲುವು ಹೋಗುತ್ತಿತ್ತು, ನನ್ನ ಅಂಪೈರ್ ಪದವಿಯೂ ಹೋಗುತ್ತಿತ್ತು. ಸ್ವಂತ ಭಾಷೆಯವಳಿಗೆ ದಾರಿ ತೋರಿಸಿದ ಅಂಪೈರ್ ಎಂಬ ಹೆಸರು ಮಾತ್ರ ಉಳಿಯುತ್ತಿತ್ತು. ವೈಟ್ಟಿಲದ ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಕಾರಿನಲ್ಲಿ ಪಕ್ಕದಲ್ಲಿ ಕೂತು ತಾನು ಎಡ ಎಂದರೆ ಒಂದು ದಿನವೂ ಎಡಕ್ಕೆ ತಿರುಗಿಸದವನು ಇವನು ಎಂದು ಬಂದು ಸಾಕ್ಷಿ ಹೇಳಲೇ ಎಂದು ಕೇಳಿದಳು.

ಚಾಲಕ ಫೋನ್ ಎತ್ತುತ್ತಿರಲಿಲ್ಲ. ಬ್ಯಾಂಕ್ ಮುಗಿದ ಮೇಲೆ ಒಂದು ಸಂಜೆ ಬೋಟ್ ಜೆಟ್ಟಿಯಲ್ಲಿ ಅವನನ್ನು ಹಿಡಿದೆ. ಅವನಿಗೆ ಓಡಲು ಜಾಗವಿರಲಿಲ್ಲ, ಮೂರು ಕಡೆ ನೀರು. ಚಹಾ ಕೊಡಿಸಿದೆ. ಅರ್ಧ ಚಹಾ ಮುಗಿದ ಮೇಲೆ ಅವನು ನನ್ನ ಕಡೆ ನೋಡದೆ ಹೇಳಿದ:

“ಸಾರೇ, ಆ ವಂಚಿಯಲ್ಲಿ ಕೂತಿದ್ದವರು ನನ್ನ ಹೆಂಡತಿಯ ಅಚ್ಛನ್.”

ಅಚ್ಛನ್ ಎಂದರೆ ಅಪ್ಪ, ಕರೆಯುವಾಗ ಅಚ್ಛಾ. ಮೂರನೆಯ ‘ಎಡಾ’ ಬಾಯಿಂದ ಹೊರಟ ಮೇಲೆ ವಂಚಿಯ ಮನುಷ್ಯ ತಿರುಗಿ ನೋಡಿದನಂತೆ. ಮಾವನ ಮುಖ ಕಂಡದ್ದೇ ಇವನು ಸೀಟಿನ ಕೆಳಗೆ ಏನೋ ಬಿದ್ದವನಂತೆ ಬಗ್ಗಿದ. ಮಾವ ಎಂದರೆ ಇಡೀ ಓಣಿ ಎದ್ದು ನಿಲ್ಲುವ ಮನುಷ್ಯ, ಎದುರಿಗೆ ಇವನು ಇವತ್ತಿಗೂ ಮಡಚಿ ಕಟ್ಟಿದ ಮುಂಡನ್ನು, ಅಂದರೆ ಪಂಚೆಯನ್ನು, ಮರ್ಯಾದೆಗೆ ಕೆಳಗೆ ಇಳಿಬಿಡುತ್ತಾನೆ. ಅಂಥವರನ್ನು ನೀರ ನಡುವೆ ‘ಲೋ’ ಎಂದು ಕರೆದೆನೆಂದು ಕಮಿಟಿಯ ಮುಂದೆ ಒಪ್ಪಿಕೊಂಡರೆ ಮನೆಗೆ ಹೋಗುವುದು ಹೇಗೆ ಎಂಬುದು ಅವನ ಪ್ರಶ್ನೆ. ಮನೆಯಲ್ಲಿ ಮಾವ ಕೇಳಲಿಲ್ಲವೇ ಎಂದೆ. ಕೇಳಿದರು ಎಂದ. ಏನು ಹೇಳಿದೆ ಎಂದೆ. ಅವನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

“ಕರ್ನಾಟಕದ ಸಾರ್ ಕೂಗಿದ್ದು ಅಂತ ಹೇಳಿದೆ.”

ಅಲ್ಲಿಗೆ ನನ್ನ ಸ್ಥಿತಿ ಹೀಗಾಯಿತು. ನಾನು ಆಡದ ಒಂದೇ ಮಾತಿಗೆ ತಿರುವನಂತಪುರದಲ್ಲಿ ಕನ್ನಡದಲ್ಲಿ ಅಪರಾಧಿ, ಮುಳವುಕಾಡಿನಲ್ಲಿ ಮಲಯಾಳದಲ್ಲಿ ಅಪರಾಧಿ. ಒಂದು ಕಡೆ ಪಕ್ಷಪಾತಿ, ಇನ್ನೊಂದು ಕಡೆ ಮರ್ಯಾದೆ ಇಲ್ಲದವನು.

ಬೈದುಬಿಡಬೇಕೆಂದು ಬಾಯಿ ತೆರೆದೆ. ಆದರೆ ಅವನ ಮುಖ ನೋಡಿ ಸಿಟ್ಟು ಇಳಿಯಿತು. ಮದುವೆಯಾದ ಹೊಸದರಲ್ಲಿ ನನ್ನ ಮಾವನ ಮುಂದೆ ಕೆಮ್ಮಲೂ ಹೆದರುತ್ತಿದ್ದವನು ನಾನು. ಅವನನ್ನು ಒತ್ತಾಯಿಸಿ ಸಾಕ್ಷಿಗೆ ಎಳೆದರೆ ಮತ್ತೆ ಸುಳ್ಳನ್ನೇ ಹೇಳುತ್ತಾನೆ, ಇನ್ನೂ ಗಟ್ಟಿಯಾಗಿ ಹೇಳುತ್ತಾನೆ. ಹಾಗಾಗಿ ನೇರವಾಗಿ ಅವನ ಮಾವನ ಬಳಿಗೇ ಹೋಗುವುದೆಂದು ತೀರ್ಮಾನಿಸಿದೆ.

ಶನಿವಾರ ಹೋದೆ. ಅವರು ಮನೆಯಂಗಳದಲ್ಲಿ ಬಲೆ ಹರವಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಕುರ್ಚಿ ತೋರಿಸಲಿಲ್ಲ. ನನ್ನ ಬ್ಯಾಂಕಿನ ಮಲಯಾಳದಲ್ಲಿ, ಅಂದು ತಮ್ಮನ್ನು ಹಾಗೆ ಕರೆದದ್ದು ನಾನಲ್ಲ, ಹಿರಿಯರನ್ನು ಹಾಗೆ ಕರೆಯುವವನು ನಾನಲ್ಲ ಎಂದೆ. ಅವರು ಗಂಟು ಬಿಗಿದು, ದಾರ ಕಡಿದು, ಸಾವಕಾಶವಾಗಿ ತಲೆ ಎತ್ತಿದರು. ಅದು ತಮಗೆ ಅಂದೇ ಗೊತ್ತು ಎಂದರು. ದಿನಾ ತಮ್ಮ ಮನೆಯಲ್ಲಿ ಮೀನುಸಾರು ಇನ್ನೊಂದು ಸೌಟು ಕೇಳುವ ಗಂಟಲು ಯಾವುದೆಂದು ತಮಗೆ ತಿಳಿಯದೇ? ಅಳಿಯ ತಾನಾಗಿ ಬಾಯಿಬಿಡಲಿ ಎಂದು ಕಾದಿದ್ದರಂತೆ. ಅವನು ಬಾಯಿಬಿಡುವ ಬದಲು ಬೇರೆ ರಾಜ್ಯದವರ ತಲೆಗೆ ಕಟ್ಟಿದ್ದು ಅವರಿಗೆ ‘ಎಡಾ’ಗಿಂತ ಹೆಚ್ಚು ಚುಚ್ಚಿತ್ತು.

ನಾಳೆ ತಿರುವನಂತಪುರದಲ್ಲಿ ವಿಚಾರಣೆ ಇದೆ, ಮೂವರು ಕುಳಿತು ಕೇಳುತ್ತಾರೆ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ ಎಂದು ನಾನು ಹೇಳಿದೆ. ಅಲ್ಲಿಯತನಕ ನಿರಾಸಕ್ತರಾಗಿದ್ದವರು ಬರೆದುಕೊಳ್ಳುತ್ತಾರೆ ಎಂದಾಗ ಸೂಜಿ ಕೆಳಗಿಟ್ಟರು. ಮೂವರೂ ಸಹಿ ಹಾಕುತ್ತಾರೆಯೇ ಎಂದು ಕೇಳಿದರು. ಹಾಕುತ್ತಾರೆ ಎಂದೆ. ಒಳಗೆ ಮಗಳನ್ನು ಕೂಗಿ ಬಿಳಿ ಅಂಗಿಗೆ ಇಸ್ತ್ರಿ ಹಾಕಲು ಹೇಳಿದರು. ನನಗೆ ಕುರ್ಚಿ ಬಂತು.

ಭಾನುವಾರ ಬೆಳಗಿನ ರೈಲಿನಲ್ಲಿ ನಾವೆಲ್ಲ ಒಂದೇ ಬೋಗಿಯಲ್ಲಿದ್ದೆವು. ಕಿಟಕಿಯ ಬಳಿ ಮಾವ, ಬಾಗಿಲ ಬಳಿ ಅವರ ಅಪ್ಪಣೆಯಂತೆ ಹೊರಟ ಅಳಿಯ. ನಡುವೆ ಕಳಮಶ್ಶೇರಿಯ ತಂಡ. ಮೈಸೂರಿನ ಹುಡುಗಿ ನನ್ನನ್ನು ಕಂಡು, “ನಮಸ್ಕಾರ ಸಾರ್, ತಿಂಡಿ ಆಯ್ತಾ?” ಎಂದಳು. ವಿಚಾರಣೆಗೆ ಮೊದಲು ನಾನೂ ಅವಳೂ ಮಾತಾಡುವುದು ಸರಿಯಲ್ಲ. ಅದಕ್ಕಿಂತ ಹೆಚ್ಚಾಗಿ, ಕನ್ನಡದಲ್ಲಿ ಮಾತಾಡುವುದು ಸರಿಯಲ್ಲ. ನಾನು ಇಂಗ್ಲಿಷಿನಲ್ಲಿ, ಕ್ಷಮಿಸಿ, ಈಗ ಮಾತಾಡುವಂತಿಲ್ಲ ಎಂದೆ. ಅವಳು ಪಾಪ, ಉಪ್ಪಿಟ್ಟಿನ ಡಬ್ಬಿಯ ಮುಚ್ಚಳ ಹಾಕಿಕೊಂಡಳು. ಕೊಲ್ಲಂ ದಾಟುವ ತನಕ ಆ ಒಗ್ಗರಣೆಯ ವಾಸನೆ ನನ್ನನ್ನು ಕಾಡಿತು.

ವಿಚಾರಣೆ ವೇಳಿ ಹಿನ್ನೀರಿನ ದಂಡೆಯ ಕ್ಲಬ್ಬಿನಲ್ಲಿ, ಲೈಫ್ ಜಾಕೆಟ್‌ಗಳನ್ನು ಒಣಹಾಕಿದ್ದ ಕೋಣೆಯಲ್ಲಿ. ಅಧ್ಯಕ್ಷತೆ ವಹಿಸಿದವರು ಕಾಲೇಜೊಂದರ ನಿವೃತ್ತ ಪ್ರಾಂಶುಪಾಲೆ. ಜೊತೆಗೆ ಒಬ್ಬ ವೈದ್ಯರು, ಒಬ್ಬ ಬಂದರು ಇಲಾಖೆಯ ಅಧಿಕಾರಿ. ಕನ್ನಡದ ವಿಷಯವಾದ್ದರಿಂದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿರುವ ಧಾರವಾಡದ ಹಿರಿಯ ಮಹಿಳೆಯೊಬ್ಬರನ್ನು ಭಾಷೆಯ ತಜ್ಞರಾಗಿ ಕರೆಸಿದ್ದರು. ಅವರು ಬಂದವರೇ ನನ್ನನ್ನು ನೋಡಿ, “ನೀವು ಯಾವ ಊರಾವರ್ರೀ?” ಎಂದರು. ವಕೀಲರು ತಕ್ಷಣ ಆಕ್ಷೇಪಣೆ ಎತ್ತಿದರು. ಅಧ್ಯಕ್ಷೆ ಅದನ್ನು ಬರೆದುಕೊಂಡರು.

ಮೊದಲು ವಕೀಲರ ಮಾತು. ನಿಯಮ ಉದ್ದೇಶವನ್ನು ಕೇಳುವುದಿಲ್ಲ, ಸಹಾಯ ಸಿಕ್ಕಿತೋ ಇಲ್ಲವೋ ಅಷ್ಟನ್ನೇ ಕೇಳುತ್ತದೆ ಎಂದರು. ಜೊತೆಗೆ, ಓಟದುದ್ದಕ್ಕೂ ಈ ಅಂಪೈರ್ ‘ನಾನು ಹಳದಿ, ನಾನು ಹಳದಿ’ ಎಂದು ತಾವೇ ಘೋಷಿಸುತ್ತಿದ್ದುದನ್ನು ಎಲ್ಲರೂ ಕೇಳಿದ್ದಾರೆ ಎಂದು ಬಹಳ ಗಂಭೀರವಾಗಿ ಸೇರಿಸಿದರು. ಅದು ಅಂಪೈರ್‌ಗಳ ಪದ್ಧತಿ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಭಾಷಾತಜ್ಞೆಗೆ ಗೊತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಆಮೇಲೆ ಅವರ ಅಭಿಪ್ರಾಯ ಕೇಳಿದರು. ಕನ್ನಡದಲ್ಲಿ ಎಡ ಎಂದರೆ ಎಡವೇ, ಅದರಲ್ಲಿ ಸಂಶಯವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ವಕೀಲರು ಹಿಂದಕ್ಕೆ ಒರಗಿದರು. ಆದರೆ ತಜ್ಞೆ ಮುಗಿಸಿರಲಿಲ್ಲ. ತಿರುಗು ಎಂದು ಹೇಳುವ ಕನ್ನಡಿಗ ಬರಿಯ ‘ಎಡಾ’ ಎಂದು ನಿಲ್ಲಿಸುವುದಿಲ್ಲ, ಎಡಕ್ಕೆ ಎನ್ನುತ್ತಾನೆ, ವಿಭಕ್ತಿ ಬೇಕು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಕೊನೆಗೆ ತಡೆಯಲಾರದೆ ಹುಡುಗಿಯ ಕಡೆ ನೋಡಿ ಕನ್ನಡದಲ್ಲೇ ಅಂದರು:

“ಖರೇ ಹೇಳಬೇಕಂದ್ರ ಈಗ ಎಡಕ್ಕ ಅನ್ನಾವ್ರೂ ಎಲ್ಲಿ ಉಳದಾರ? ನಮ್ಮ ಮನ್ಯಾಗೂ ಎಲ್ಲಾರೂ ಲೆಫ್ಟ್ ಅಂತಾರ.”

ಇದನ್ನು ಜ್ಯೂರಿಗೆ ಅನುವಾದಿಸಿ ಹೇಳಬೇಕಾಯಿತು, ಅನುವಾದಿಸಲು ಅವರೇ ಇದ್ದರು.

ನಂತರ ಹುಡುಗಿ. ಅಧ್ಯಕ್ಷೆ ಅವಳನ್ನು ಒಂದೇ ಮಾತು ಕೇಳಿದರು, ಆ ಕೂಗು ಕೇಳಿಸಿತೇ, ಅದಕ್ಕಾಗಿಯೇ ತಿರುಗಿಸಿದೆಯಾ ಎಂದು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ತಂಡದವರು ಅವಳ ಬೆನ್ನನ್ನೇ ನೋಡುತ್ತ ಕುಳಿತಿದ್ದರು. ಅವಳು ಇಂಗ್ಲಿಷಿನಲ್ಲಿ ಶುರುಮಾಡಿ, ಎರಡು ವಾಕ್ಯಕ್ಕೆ ತಡವರಿಸಿ, ತಜ್ಞೆಯ ಕಡೆ ತಿರುಗಿದಳು.

“ಕೇಳಿಸ್ತು ಮೇಡಂ. ಯಾರು ಕೂಗಿದ್ದು ಅಂತ ಗೊತ್ತಿಲ್ಲ. ಹಾಸ್ಟೆಲ್ಲಲ್ಲಿ ಯಾರೂ ಕನ್ನಡ ಮಾತಾಡಲ್ಲ, ಕನ್ನಡ ಕಿವಿಗೆ ಬಿದ್ದೇ ಎಷ್ಟೋ ದಿನ ಆಗಿತ್ತು. ಎಡ ಅಂತ ಕೇಳಿಸಿದ ತಕ್ಷಣ ಕೈ ತಾನಾಗೇ ತಿರುಗಿಸ್ಬಿಡ್ತು.”

ತಜ್ಞೆ ಅದನ್ನು ಅನುವಾದಿಸುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. ಗೆಲುವು ಕೈಬಿಟ್ಟಿತು ಎಂದು ನನಗೆ ಖಚಿತವಾಯಿತು. ಆದರೂ ಆ ಹುಡುಗಿಯ ಬಗ್ಗೆ ಹೆಮ್ಮೆ ಎನಿಸಿತು. ಹಾಗೆ ಎನಿಸಿದ್ದೇ ಪಕ್ಷಪಾತವೇನೋ ಎಂದು ಹೆದರಿಕೆಯೂ ಆಯಿತು.

ಇನ್ನು ಉಳಿದದ್ದು ಕೂಗಿದವರು ಯಾರು ಎಂಬುದು. ಕೂಗಿದ್ದು ನಾನಾಗಿದ್ದರೆ ಅದು ಸಹಾಯ, ಬೇರೆ ಯಾರಿಗೋ ಆಡಿದ ಮಾತಾಗಿದ್ದರೆ ಅಲ್ಲ. ವಂಚಿಯಲ್ಲಿದ್ದ ಹಿರಿಯರನ್ನು ಕರೆದರು. ಅವರು ಇಸ್ತ್ರಿಯ ಅಂಗಿಯಲ್ಲಿ ಬಂದು, ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದರು. ಅಂದು ತಾವು ವಂಚಿಯಲ್ಲಿದ್ದುದು, ಹಿಂದಿನಿಂದ ಕೂಗು ಬಂದುದು, ತಿರುಗಿದಾಗ ಒಬ್ಬ ಸೀಟಿನ ಕೆಳಗೆ ಬಗ್ಗಿದ್ದು, ಎಲ್ಲವನ್ನೂ ಬರೆದುಕೊಳ್ಳಲು ಅನುಕೂಲವಾಗುವಂತೆ ನಿಧಾನವಾಗಿ ಹೇಳಿದರು. ಯಾವ ಶಬ್ದ ಕೂಗಿದರು ಎಂದು ವಕೀಲರು ಕೇಳಿದರು. ಹಿರಿಯರು ಅದನ್ನು ತಮ್ಮ ಬಾಯಿಂದ ಆಡಲು ಒಪ್ಪಲಿಲ್ಲ. ಬಾಗಿಲ ಬಳಿ ಗೋಡೆಗೆ ಅಂಟಿ ನಿಂತಿದ್ದ ಅಳಿಯನ ಕಡೆ ತಿರುಗಿದರು.

“ಆಡಿದವನು ಇಲ್ಲೇ ಇದ್ದಾನೆ. ಅವನೇ ಹೇಳಲಿ.”

ಚಾಲಕ ಎರಡು ಹೆಜ್ಜೆ ಮುಂದೆ ಬಂದ. ಮಡಚಿರದ ಮುಂಡನ್ನೇ ಮತ್ತೊಮ್ಮೆ ಕೆಳಗೆಳೆದುಕೊಂಡ. “ಎಡಾ ಅಂತ ಕೂಗಿದ್ದು ನಾನು, ಅಚ್ಛಾ. ಬೆನ್ನು ನೋಡಿ ಗುರುತು ಹತ್ತಲಿಲ್ಲ. ಆಮೇಲೆ ಹೆದರಿದೆ” ಎಂದ. ಜ್ಯೂರಿಗೆ ಬೇಕಾಗಿದ್ದ ಸಾಕ್ಷ್ಯ ಅಷ್ಟೇ. ಆದರೆ ಅವನು ನನ್ನ ಕಡೆಗೂ ತಿರುಗಿ, ಸಾರ್ ಮೇಲೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದ. ಹಿರಿಯರು ಅಧ್ಯಕ್ಷೆಯನ್ನು ನೋಡಿ, ಇದನ್ನೂ ಬರೆದಿರಾ ಎಂದು ವಿಚಾರಿಸಿದರು. ಬರೆದಿದೆ ಎಂದ ಮೇಲೆ ಕುಳಿತುಕೊಂಡರು.

ಜ್ಯೂರಿ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಸಾಕಷ್ಟು ಹೊತ್ತು ಏರಿದ ದನಿಗಳು ಕೇಳುತ್ತಿದ್ದವು. ಕೊನೆಗೆ ತೀರ್ಪು ಬಂತು, ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಬೇರೊಬ್ಬರಿಗೆ ಬೇರೆ ಭಾಷೆಯಲ್ಲಿ ಆಡಿದ ಮಾತನ್ನು ತಪ್ಪಾಗಿ ಕೇಳಿಸಿಕೊಂಡು ತಿರುಗಿಸಿದರೆ ಅದು ಪಡೆದ ಸಹಾಯವಲ್ಲ, ಆದ ಎಡವಟ್ಟು. ಆ ಎಡವಟ್ಟು ಒಳ್ಳೆಯದಾಗಿ ಮುಗಿದರೆ ಅದು ಅದೃಷ್ಟ. ಅದೃಷ್ಟದ ವಿರುದ್ಧ ದೂರು ಕೊಡುವ ನಿಯಮವಿಲ್ಲ ಎಂದು ಅಧ್ಯಕ್ಷೆ ಓದಿದರು. ಒಪ್ಪದೆ ಉಳಿದವರು ವೈದ್ಯರು. ಕಿವಿಗೆ ಬಿದ್ದ ಮಾತು ಕೈಯನ್ನು ತಿರುಗಿಸಿತು ಎಂದು ಹುಡುಗಿಯೇ ಹೇಳಿದ್ದಾಳೆ, ಮಾತು ಹೊರಗಿನಿಂದಲೇ ಬಂದಿದೆ, ಮತ್ತೇನು ಬೇಕು ಎಂಬುದು ಅವರ ವಾದ. ನಿಜ ಹೇಳಬೇಕೆಂದರೆ, ನಾನು ಆ ಪೀಠದಲ್ಲಿದ್ದಿದ್ದರೆ ಯಾವ ಕಡೆ ಇರುತ್ತಿದ್ದೆನೋ ಇಂದಿಗೂ ಹೇಳಲಾರೆ. ಅಂಪೈರ್ ವಲಯದಲ್ಲಿ ಈ ತೀರ್ಪಿನ ಬಗ್ಗೆ ಇಂದೂ ಎರಡು ಪಂಗಡಗಳಿವೆ. ಒಂದೇ ಊಟಕ್ಕೆ ಎರಡೂ ಪಂಗಡದವರನ್ನು ಕರೆಯದಿರುವುದು ಕ್ಷೇಮ.

ಕಳಮಶ್ಶೇರಿಯ ತಂಡ ಮುಂದೆ ರಾಷ್ಟ್ರೀಯ ಕೂಟಕ್ಕೆ ಹೋಗಿ, ಎರಡನೆಯ ಸುತ್ತಿನಲ್ಲೇ ಸೋತು, ಬಹಳ ಖುಷಿಯಾಗಿ ವಾಪಸು ಬಂತು. ಅಂದು ವಕೀಲರು ಹುಡುಗಿಯ ಕೈ ಕುಲುಕಿ, ಅಷ್ಟು ನೇರವಾಗಿ ಉತ್ತರಿಸುವ ಸಾಕ್ಷಿಯನ್ನು ತಮ್ಮ ಕೋರ್ಟಿನಲ್ಲಿ ಕಂಡಿಲ್ಲ ಎಂದರು. ಬಳಿಕ ನನ್ನ ಕೈಯನ್ನೂ ಕುಲುಕಿ, ಪುನರ್ವಿಚಾರಣೆಗೆ ಬರೆಯುತ್ತೇನೆ ಎಂದರು. ಬರೆದರು. ಅದೂ ತಿರಸ್ಕೃತವಾಯಿತು.

ಸಂಜೆಯ ರೈಲಿನಲ್ಲಿ ಮಾವ ಮತ್ತು ಅಳಿಯ ಅಕ್ಕಪಕ್ಕ ಕೂರಲಿಲ್ಲ. ನನ್ನನ್ನು ನಡುವೆ ಕೂರಿಸಿಕೊಂಡರು. ನೀರಿನ ಬಾಟಲಿ ನನ್ನ ಮೂಲಕ ಆ ಕಡೆ ಹೋಯಿತು, ನನ್ನ ಮೂಲಕ ಈ ಕಡೆ ಬಂತು. ಆಲಪ್ಪುಳ ಬರುವಷ್ಟರಲ್ಲಿ ಹಿರಿಯರು ಕಿಟಕಿಯ ಹೊರಗೆ ನೋಡುತ್ತ, ಮಗಳಿಗೆ ಫೋನ್ ಮಾಡಿ ಊಟ ಇಬ್ಬರಿಗೂ ಇಡಲು ಹೇಳು ಎಂದು ಯಾರಿಗೋ ಎಂಬಂತೆ ಹೇಳಿದರು. ಅಳಿಯ ಫೋನ್ ತೆಗೆದ.

ಎರ್ನಾಕುಳಂ ನಿಲ್ದಾಣದಲ್ಲಿ ಅವನ ಬೈಕ್ ನಿಂತಿತ್ತು. ಬಸ್ಸಿನಲ್ಲಿ ಬರುತ್ತೇನೆ ಎಂದು ಹಿರಿಯರು ಸ್ವಲ್ಪ ದೂರ ನಡೆದರು, ನಿಂತರು, ಹಿಂತಿರುಗಿ ಬಂದರು. ಇಸ್ತ್ರಿಯ ಅಂಗಿ ಮುದುಡದಂತೆ ಎಚ್ಚರದಿಂದ ಹತ್ತಿ, ಅಳಿಯನನ್ನು ಮುಟ್ಟದೆ ಸೀಟಿನ ಹಿಂದಿನ ಕಂಬಿ ಹಿಡಿದು ನೆಟ್ಟಗೆ ಕುಳಿತರು. ಬೈಕ್ ಹೊರಟಿತು. ನಿಲ್ದಾಣದ ಗೇಟಿನ ಬಳಿಯ ಮೊದಲ ರಸ್ತೆಯುಬ್ಬಿಗೆ ಇಬ್ಬರೂ ಸೀಟಿನಿಂದ ಎಗರಿ ಕುಳಿತರು. ಹಿರಿಯರ ಕೈ ಕಂಬಿ ಬಿಟ್ಟು ಅಳಿಯನ ಹೆಗಲಿಗೆ ಬಂತು. ರಸ್ತೆ ಸಪಾಟಾದ ಮೇಲೂ ಅದು ಅಲ್ಲೇ ಇತ್ತು, ತಿರುವಿನಲ್ಲಿ ಅವರು ಮರೆಯಾಗುವ ತನಕ ನಾನು ನೋಡಿದೆ.